ರಾತ್ರಿಯಲ್ಲೇ ಎದ್ದ ಜೋಸೆಫರು

(ಪುನೀತ ಮುಗ್ಧ ಹಸುಳೆಗಳ ಹಬ್ಬ, ಡಿಸೆಂಬರ್ 28. ಶುಭಸಂದೇಶ: ಮತ್ತಾಯ 2:13-18)



ಗೋದಲಿಯ ಸುತ್ತ ನಾವು ಬಿತ್ತಿದ ರಾಗಿಯ ಪೈರು ಇನ್ನೂ ಹಸಿರಾಗಿದೆ. ಅಂಗಳದ ನಕ್ಷತ್ರವನ್ನು ಯಾರೂ ಇಳಿಸಿಲ್ಲ. ಮೂರು ದಿನಗಳ ಹಿಂದೆ ಇದೇ ಪೀಠದಲ್ಲಿ ಬಿಳಿಯ ಪೂಜಾವಸ್ತ್ರ ತೊಟ್ಟು ಬಲಿಪೂಜೆ ಅರ್ಪಿಸಿದೆವು. ಇಂದು ವಸ್ತ್ರದ ಬಣ್ಣ ಕೆಂಪು. ಕ್ರಿಸ್ತಜಯಂತಿಯ ಎಂಟು ದಿನಗಳ ಸಡಗರದ ನಡುವೆಯೇ ಧರ್ಮಸಭೆಯು ಈ ರಕ್ತದ ಹಬ್ಬವನ್ನು ಇಟ್ಟಿದೆ. ಸಂತೋಷದ ದಿನಗಳು ಮುಗಿದ ಮೇಲೆ, ಜನವರಿಯಲ್ಲೋ ಫೆಬ್ರವರಿಯಲ್ಲೋ ಆಚರಿಸಬಹುದಿತ್ತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಸಂತ ಮತ್ತಾಯರೇ ಅದನ್ನು ದೂರ ಇಡಲಿಲ್ಲ. ಜ್ಞಾನಿಗಳು ಕಾಣಿಕೆ ಅರ್ಪಿಸಿ ಹಿಂತಿರುಗಿದ ಮರುಕ್ಷಣವೇ ಅವರ ಲೇಖನಿ ಬೆತ್ಲೆಹೇಮಿನ ತಾಯಂದಿರ ಅಳುವಿನತ್ತ ತಿರುಗುತ್ತದೆ.

ಹೆರೋದನ ಆಜ್ಞೆಯಿಂದ ಸತ್ತ ಮಕ್ಕಳೆಷ್ಟು? ಗ್ರೀಕ್ ಪೂಜಾ ಪರಂಪರೆಯು 14,000 ಎನ್ನುತ್ತದೆ. ಬೈಬಲ್ ಪಂಡಿತರ ಲೆಕ್ಕ ಬಹಳ ಚಿಕ್ಕದು. ಅಂದಿನ ಬೆತ್ಲೆಹೇಮ್ ಒಂದು ಸಣ್ಣ ಹಳ್ಳಿ. ಸಾವಿರ ಜನರಿದ್ದರೆಂದುಕೊಂಡರೂ ಎರಡು ವರ್ಷದೊಳಗಿನ ಗಂಡುಮಕ್ಕಳು ಹೆಚ್ಚೆಂದರೆ ಇಪ್ಪತ್ತು. ಈ ಲೆಕ್ಕ ಕೇಳಿ 'ಅಷ್ಟೇನಾ' ಎಂದು ನಿಟ್ಟುಸಿರು ಬಿಡುವವರು ಒಂದು ಕ್ಷಣ ನಮ್ಮ ಊರನ್ನೇ ನೆನೆದುಕೊಳ್ಳಬೇಕು. ನಮ್ಮ ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿದ್ದಾರೆಯೇ? ಒಂದೇ ಬೆಳಗ್ಗೆ ಇಪ್ಪತ್ತು ಮನೆಗಳ ತೊಟ್ಟಿಲು ಬರಿದಾದರೆ ಊರಿನಲ್ಲಿ ಒಲೆ ಹಚ್ಚುವವರು ಯಾರು?

ಇಪ್ಪತ್ತು ಎಂಬ ಸಂಖ್ಯೆಯನ್ನು ನಾವು ಸುಮ್ಮನೆ ಹೇಳುತ್ತಿಲ್ಲ. 2012ರ ಡಿಸೆಂಬರ್ 14ರಂದು, ಆಗಮನ ಕಾಲದ ಒಂದು ಶುಕ್ರವಾರ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಯುವಕನ ಗುಂಡಿಗೆ ಬಲಿಯಾದ ಮಕ್ಕಳು ಇಪ್ಪತ್ತು. ಎಲ್ಲರೂ ಆರೇಳು ವರ್ಷದವರು. ಅವರೊಡನೆ ಶಾಲೆಯ ಆರು ಮಂದಿ ಹಿರಿಯರೂ ಸತ್ತರು. ಆ ಮಕ್ಕಳಲ್ಲಿ ಅನೇಕರ ಅಂತ್ಯಕ್ರಿಯೆ ನಡೆದದ್ದು ಊರಿನ ಲೀಮಾದ ಸಂತ ರೋಸಾ ದೇವಾಲಯದಲ್ಲಿ. ಪೀಠದ ಪಕ್ಕದಲ್ಲಿ ಕ್ರಿಸ್ಮಸ್ ಸಿದ್ಧತೆ, ಪೀಠದ ಮುಂದೆ ಪುಟ್ಟ ಶವಪೆಟ್ಟಿಗೆಗಳು. ಅಲ್ಲಿನ ಗುರುಗಳು ಆ ವಾರವನ್ನು ಹೇಗೆ ಕಳೆದರೋ! ನಾವು ಗುರುಗಳಾದವರು ಒಂದು ಮಗುವಿನ ಅಂತ್ಯಕ್ರಿಯೆಗೇ ಮಾತು ಸಿಗದೆ ತೊದಲುತ್ತೇವೆ.

ಇನ್ನು 2025ರ ಆಗಸ್ಟ್ 27ನ್ನು ನೋಡಿ. ಮಿನ್ನಿಯಾಪೊಲಿಸ್ ನಗರದ ಮಂಗಳವಾರ್ತೆಯ ದೇವಾಲಯ, ಅದಕ್ಕೆ ಹೊಂದಿಕೊಂಡ ಶಾಲೆ. ಶಾಲೆ ಶುರುವಾದ ಮೊದಲ ವಾರ. ಮಕ್ಕಳು ಸಾಲಾಗಿ ಬಂದು ಬಲಿಪೂಜೆಗೆ ಕುಳಿತಿದ್ದಾರೆ. ಹೊರಗಿನಿಂದ ಕಿಟಕಿಗಳ ಮೂಲಕ ಗುಂಡಿನ ಮಳೆ. ಎಂಟು ವರ್ಷದ ಒಂದು ಮಗು, ಹತ್ತು ವರ್ಷದ ಒಂದು ಮಗು ಪ್ರಾಣ ಬಿಟ್ಟವು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅವರಲ್ಲಿ ಬಹುಪಾಲು ಮಕ್ಕಳು, ಜೊತೆಗೆ ಪೂಜೆಗೆ ಬಂದಿದ್ದ ಎಂಬತ್ತು ದಾಟಿದ ಹಿರಿಯರು. ದೊಡ್ಡ ತರಗತಿಯ ಮಕ್ಕಳು ಚಿಕ್ಕವರನ್ನು ಬೆಂಚಿನ ಕೆಳಗೆ ತಳ್ಳಿ ತಮ್ಮ ಮೈ ಅಡ್ಡ ಕೊಟ್ಟರೆಂದು ಶಾಲೆಯವರು ಹೇಳಿದರು. ಆ ಬಂದೂಕುಗಳನ್ನೆಲ್ಲ ಕಾಯಿದೆಬದ್ಧವಾಗಿಯೇ ಕೊಂಡದ್ದೆಂದು ಪೊಲೀಸರು ಹೇಳಿದರು. ಗುಂಡು ಹಾರಿಸಿದ ವ್ಯಕ್ತಿಯ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಬೇಕಾಗಿರುವುದೇ ತಮ್ಮ ಹೆಸರು ಜಗತ್ತಿಗೆಲ್ಲ ತಿಳಿಯುವುದು.

ಆ ದಿನ ಆ ನಗರದ ಮೇಯರ್ ಒಂದು ಮಾತು ಹೇಳಿದರು. ಬರೀ ಪ್ರಾರ್ಥನೆ, ಸಂತಾಪ ಎಂದು ಹೇಳಿ ಮುಗಿಸಬೇಡಿ, ಈ ಮಕ್ಕಳು ಪ್ರಾರ್ಥಿಸುತ್ತಲೇ ಇದ್ದರಲ್ಲ ಎಂಬುದು ಅದರ ಸಾರ. ಕೆಲವು ವಿಶ್ವಾಸಿಗಳಿಗೆ ಇದರಿಂದ ನೋವಾಯಿತು, ಪ್ರಾರ್ಥನೆಯನ್ನು ಹೀಯಾಳಿಸಿದರೆಂದು ಸಿಟ್ಟಾದರು. ನಮಗಂತೂ ಆ ಮಾತಿನಲ್ಲಿ ಇಂದಿನ ಶುಭಸಂದೇಶವೇ ಕೇಳಿಸುತ್ತದೆ. ದೇವದೂತನು ಜೋಸೆಫರಿಗೆ ಕನಸಿನಲ್ಲಿ ಅಪಾಯದ ಸುದ್ದಿ ತಿಳಿಸಿದನು. ಜೋಸೆಫರು ನೀತಿವಂತರು, ಪ್ರಾರ್ಥನೆಯ ಮನುಷ್ಯ. ಆದರೂ ಅವರು ಬೆಳಗಾಗಲಿ, ನೋಡೋಣ ಎನ್ನಲಿಲ್ಲ. ದೇವರೇ ಮಗುವನ್ನು ಕಾಯುತ್ತಾನೆ, ಅವನ ಮಗನಲ್ಲವೇ ಎಂದೂ ಹೇಳಲಿಲ್ಲ. ಆ ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಗಡಿ ದಾಟಿದರೆಂದು ಮತ್ತಾಯರು ಬರೆಯುತ್ತಾರೆ. ದೇವರು ಕನಸನ್ನು ಕೊಟ್ಟನು, ನಡೆಯಬೇಕಾದ ಕಾಲುಗಳು ಜೋಸೆಫರವೇ ಆಗಿದ್ದವು.

"ಸ್ವಾಮಿ, ಅಮೆರಿಕದವರ ಬಂದೂಕಿನ ಕಾಯಿದೆ ನಮಗೇಕೆ?" ಎಂದು ಕೇಳುವವರು ಇರಬಹುದು. ನಮ್ಮ ಧರ್ಮಕೇಂದ್ರದ ಎಷ್ಟು ಮನೆಗಳ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ! ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಆರಾರು ತಿಂಗಳು ಹೋಗಿ ಬರುವ ಅಜ್ಜ-ಅಜ್ಜಿಯರು ನಮ್ಮ ನಡುವೆಯೇ ಇದ್ದಾರೆ. ಅಲ್ಲಿನ ಪುಟ್ಟ ಮಕ್ಕಳಿಗೆ ಶಾಲೆಯಲ್ಲಿ ಬಾಗಿಲು ಹಾಕಿ, ದೀಪ ಆರಿಸಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಮ್ಮಲ್ಲಿ ಮಗುವಿಗೆ ಕಣ್ಣಾಮುಚ್ಚಾಲೆಯೆಂದರೆ ಆಟ. ಅಲ್ಲಿ ಅದೇ ಬಚ್ಚಿಟ್ಟುಕೊಳ್ಳುವುದು ಪಾಠ. 2020ರಿಂದೀಚೆಗೆ ಆ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಮೊದಲ ಕಾರಣವಾಗಿ ಬಂದೂಕು ವಾಹನ ಅಪಘಾತವನ್ನೂ ಹಿಂದೆ ಹಾಕಿತು.

ಬಂದೂಕಿನ ಪರವಾಗಿ ಮಾತನಾಡುವವರು ಹೇಳುವ ಮಾತೊಂದಿದೆ: ಕೊಲ್ಲುವುದು ಕೋವಿಯಲ್ಲ, ಮನುಷ್ಯ. ಕೇಡು ಹುಟ್ಟುವುದು ಮನುಷ್ಯನ ಹೃದಯದಲ್ಲಿ ಎಂದು ಯೇಸುಸ್ವಾಮಿಯೇ ಬೋಧಿಸಿದ್ದಾರಲ್ಲವೇ? (ಮಾರ್ಕ 7:21). ಹೌದು, ಬೋಧಿಸಿದ್ದಾರೆ. ಆದರೆ ನ್ಯೂಟೌನಿನ ದುರಂತ ನಡೆದ ಅದೇ ಡಿಸೆಂಬರ್ 14ರಂದು ಚೀನಾದ ಹೆನಾನ್ ಪ್ರಾಂತ್ಯದ ಒಂದು ಹಳ್ಳಿಶಾಲೆಗೂ ಒಬ್ಬನು ನುಗ್ಗಿದನು. ಅವನ ಕೈಯಲ್ಲಿದ್ದದ್ದು ಚಾಕು. 23 ಮಕ್ಕಳಿಗೆ ಗಾಯವಾಯಿತು, ಕೆಲವರಿಗೆ ಬಹಳ ತೀವ್ರವಾದ ಗಾಯ. ಒಂದು ಮಗುವೂ ಸಾಯಲಿಲ್ಲ. ಎರಡು ಕಡೆಯೂ ಹೃದಯದ ಕೇಡು ಒಂದೇ, ಕೈಗೆ ಸಿಕ್ಕ ಆಯುಧ ಬೇರೆ. ಹೃದಯವನ್ನು ಬದಲಿಸುವುದು ದೇವರ ಕೃಪೆಯ ಕೆಲಸ, ಅದಕ್ಕೆ ಒಂದು ಜನ್ಮವೇ ಬೇಕಾಗಬಹುದು. ಅಲ್ಲಿಯವರೆಗೆ ಆ ಕೈಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ತೀರ್ಮಾನಿಸುವುದು ಸರಕಾರದ ಕೆಲಸ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, 2316ನೆಯ ಪರಿಚ್ಛೇದದಲ್ಲಿ, ಆಯುಧಗಳ ತಯಾರಿಕೆ ಮತ್ತು ಮಾರಾಟವನ್ನು ಹತೋಟಿಯಲ್ಲಿಡುವುದು ಆಳುವವರ ಹಕ್ಕು ಮಾತ್ರವಲ್ಲದೆ ಕರ್ತವ್ಯವೂ ಹೌದೆಂದು ಕಲಿಸುತ್ತದೆ. ಮಿನ್ನಿಯಾಪೊಲಿಸಿನ ಘಟನೆಯ ಬಳಿಕದ ಭಾನುವಾರ ಜಗದ್ಗುರು ಹದಿನಾಲ್ಕನೆಯ ಲಿಯೋರವರು, ತಾವೂ ಅಮೆರಿಕದಲ್ಲೇ ಹುಟ್ಟಿದವರು, ಚಿಕ್ಕ ದೊಡ್ಡ ಆಯುಧಗಳೆಲ್ಲವನ್ನೂ ಜಗತ್ತಿಗೆ ಅಂಟಿದ ಸಾಂಕ್ರಾಮಿಕ ರೋಗಕ್ಕೆ ಹೋಲಿಸಿ, ಅದರ ಅಂತ್ಯಕ್ಕಾಗಿ ಪ್ರಾರ್ಥಿಸಿದರು.

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿ 1791ರದು. ಆಯುಧ ಹೊಂದುವುದು ವ್ಯಕ್ತಿಯ ಹಕ್ಕು ಎಂದು 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಹಕ್ಕಿಗೆ ಮಿತಿಯೇ ಇಲ್ಲವೆಂದಲ್ಲ ಎಂಬ ಮಾತೂ ಅದೇ ತೀರ್ಪಿನಲ್ಲಿದೆ, ಅದನ್ನು ಮಾತ್ರ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಪರವಾನಗಿ ಪಡೆದ ಅಂಗಡಿಯವನು ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕೆಂದು 1993ರ ಕಾಯಿದೆ ಹೇಳುತ್ತದೆ, ಆದರೆ ಖಾಸಗಿಯಾಗಿ ಮಾರುವವನಿಗೆ ಕೇಂದ್ರದ ಕಾಯಿದೆಯಲ್ಲಿ ಆ ಕಟ್ಟುಪಾಡು ಇರಲಿಲ್ಲ. ಯುದ್ಧಭೂಮಿಯ ಬಂದೂಕುಗಳನ್ನು ಹೋಲುವ ಹಲವು ಬಗೆಯ ಬಂದೂಕುಗಳ ಮೇಲೆ 1994ರಲ್ಲಿ ಬಂದ ನಿಷೇಧ 2004ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ನ್ಯೂಟೌನಿನ ಮಕ್ಕಳನ್ನು ಮಣ್ಣು ಮಾಡಿದ ನಾಲ್ಕು ತಿಂಗಳಿಗೆ, 2013ರ ಏಪ್ರಿಲಿನಲ್ಲಿ, ಬಂದೂಕು ಸಂತೆಗಳಲ್ಲಿ ಕೊಳ್ಳುವವರನ್ನೂ ವಿಚಾರಿಸಬೇಕೆಂಬ ಸಣ್ಣ ಪ್ರಸ್ತಾವವೊಂದು ಸೆನೆಟಿಗೆ ಬಂತು. ಪರವಾಗಿ 54 ಮತ, ವಿರುದ್ಧವಾಗಿ 46. ಅಲ್ಲಿನ ನಿಯಮದಂತೆ 60 ಬೇಕಿತ್ತು, ಪ್ರಸ್ತಾವ ಬಿತ್ತು. ಸತ್ತ ಮಕ್ಕಳ ತಂದೆತಾಯಿಗಳು ಅಂದು ಮೇಲಿನ ಗ್ಯಾಲರಿಯಿಂದ ನೋಡುತ್ತಿದ್ದರು. ರಾಖೇಲಳ ಅಳು ಎಂದರೆ ಇದೇ ಅಲ್ಲವೇ?

ಬಂದೂಕಿನ ಕೆಟ್ಟವನನ್ನು ಬಂದೂಕಿನ ಒಳ್ಳೆಯವನು ತಡೆಯುತ್ತಾನೆ ಎಂಬ ಇನ್ನೊಂದು ಮಾತೂ ಇದೆ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆ ಎಂಬ ಊರಿನ ಶಾಲೆಗೆ ಧಾವಿಸಿದ ಶಸ್ತ್ರಧಾರಿ ಅಧಿಕಾರಿಗಳು 376 ಮಂದಿ. ಒಳಗಿದ್ದವನು ಒಬ್ಬ, ಹದಿನೆಂಟು ತುಂಬಿದ ಬೆನ್ನಲ್ಲೇ ಅಂಗಡಿಯಲ್ಲಿ ಬಂದೂಕು ಕೊಂಡವನು. 77 ನಿಮಿಷ ಯಾರೂ ಆ ಕೋಣೆಗೆ ನುಗ್ಗಲಿಲ್ಲ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಇದಾದ ಒಂದು ತಿಂಗಳಿಗೆ, ಸುಮಾರು ಮೂವತ್ತು ವರ್ಷಗಳಲ್ಲೇ ಮೊದಲ ಸಲ ಎನ್ನುವಂತೆ, ಎರಡೂ ಪಕ್ಷಗಳು ಸೇರಿ ಒಂದು ಕಾಯಿದೆ ಮಾಡಿದವು. ಇಪ್ಪತ್ತೊಂದು ತುಂಬದವರು ಬಂದೂಕು ಕೊಳ್ಳುವಾಗ ಹೆಚ್ಚಿನ ವಿಚಾರಣೆಯಾಗಬೇಕೆಂಬುದು ಅದರಲ್ಲಿ ಒಂದು ಅಂಶ. ಸಾಲದು, ಆದರೆ ಒಂದು ಹೆಜ್ಜೆ.

ಕಾಯಿದೆಯಿಂದ ಏನಾದೀತು ಎಂದು ಕೈಚೆಲ್ಲುವವರಿಗೆ ನಾವು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಊರಿನ ಕಥೆ ಹೇಳಬೇಕು. 1996ರ ಮಾರ್ಚ್ 13, ತಪಸ್ಸು ಕಾಲದ ಒಂದು ಬುಧವಾರ. ಐದಾರು ವರ್ಷದ ಮಕ್ಕಳು ಶಾಲೆಯ ವ್ಯಾಯಾಮಶಾಲೆಯಲ್ಲಿದ್ದಾಗ ಒಬ್ಬನು ನಾಲ್ಕು ಕೈಬಂದೂಕು ಹಿಡಿದು ಬಂದು 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದನು. ನಾಲ್ಕಕ್ಕೂ ಅವನಲ್ಲಿ ಪರವಾನಗಿ ಇತ್ತು. ಟೆನಿಸ್ ಆಟಗಾರ ಆಂಡಿ ಮರ್ರೆಯ ಹೆಸರು ನಮ್ಮ ಯುವಕರಿಗೆ ಗೊತ್ತು, ಅವರು ಆಗ ಅದೇ ಶಾಲೆಯ ಎಂಟು ವರ್ಷದ ವಿದ್ಯಾರ್ಥಿ. ಆ ಊರಿನ ಸುತ್ತಮುತ್ತಲ ಕೆಲವು ತಾಯಂದಿರು ಸುಮ್ಮನೆ ಕೂರಲಿಲ್ಲ. ಒಂದು ಮನವಿಪತ್ರ ಬರೆದು ಸಹಿ ಸಂಗ್ರಹಿಸಲು ಹೊರಟರು. ಆ ಚಳಿಯ ತಿಂಗಳಲ್ಲಿ ಅಲ್ಲಿ ಅರಳಿದ್ದ ಹೂವೆಂದರೆ ಸ್ನೋಡ್ರಾಪ್ ಎಂಬ ಚಿಕ್ಕ ಬಿಳಿ ಹೂ, ಅದರ ಹೆಸರನ್ನೇ ಚಳವಳಿಗೆ ಇಟ್ಟರು. ಅವರ ಹಿಂದೆ ಹಣವಿರಲಿಲ್ಲ, ಪಕ್ಷವಿರಲಿಲ್ಲ. ಸಂತೆಯಲ್ಲಿ, ಬೀದಿಯಲ್ಲಿ ಮೇಜು ಹಾಕಿಕೊಂಡು ಕುಳಿತರು. ಏಳು ಲಕ್ಷಕ್ಕೂ ಹೆಚ್ಚು ಸಹಿ ಬಂತು. ಬಂದೂಕು ಕ್ರೀಡೆಯವರು ಸಿಟ್ಟಾದರು, ಒಬ್ಬ ಹುಚ್ಚನ ತಪ್ಪಿಗೆ ಸಾವಿರಾರು ಸಭ್ಯರಿಗೆ ಶಿಕ್ಷೆಯೇ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವರಿಂದ ಕೇಳಿದ ತ್ಯಾಗ ಒಂದು ಹವ್ಯಾಸದ್ದು, ಆ ಊರಿನ ಹೆತ್ತವರು ಕಳೆದುಕೊಂಡದ್ದು ಮಕ್ಕಳನ್ನು. 1997ರಲ್ಲಿ ಬ್ರಿಟನ್ನಿನ ಸಂಸತ್ತು ಮೊದಲು ದೊಡ್ಡ ಕೈಬಂದೂಕುಗಳನ್ನು, ಸರಕಾರ ಬದಲಾದ ಮೇಲೆ ಚಿಕ್ಕವನ್ನೂ ಖಾಸಗಿಯವರ ಕೈಯಿಂದ ನಿಷೇಧಿಸಿತು. ಜನರು ಪೊಲೀಸ್ ಠಾಣೆಗಳಲ್ಲಿ ಸಾಲು ನಿಂತು ಸುಮಾರು 1,62,000 ಕೈಬಂದೂಕು ಒಪ್ಪಿಸಿದರು. ಬ್ರಿಟನ್ನಿನಲ್ಲಿ ಆಮೇಲೂ ಗುಂಡಿನ ದುರಂತಗಳಾದವು, 2010ರಲ್ಲಿ ಕಂಬ್ರಿಯಾದಲ್ಲಿ 12 ಜನ ಸತ್ತರು. ಆದರೆ ಶಾಲೆಯಲ್ಲಿ ಅಂಥದ್ದು ಮತ್ತೆ ನಡೆಯಲಿಲ್ಲ.

ಅದೇ 1996ರ ಏಪ್ರಿಲ್ 28, ಒಂದು ಭಾನುವಾರ, ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಹತರಾದರು. ಹನ್ನೆರಡೇ ದಿನಗಳಲ್ಲಿ ಪ್ರಧಾನಿ ಜಾನ್ ಹೊವಾರ್ಡ್ ಎಲ್ಲ ರಾಜ್ಯಗಳನ್ನೂ ಒಪ್ಪಿಸಿ ಹೊಸ ಕಟ್ಟಳೆ ತಂದರು. ಅವರದು ಬಂದೂಕಿನವರ ಮತವನ್ನೇ ನಂಬಿದ ಪಕ್ಷ. ಒಂದು ಸಭೆಗೆ ಅವರು ಕೋಟಿನೊಳಗೆ ಗುಂಡುನಿರೋಧಕ ಕವಚ ತೊಟ್ಟು ಹೋದರು. ಸುಮಾರು 6,50,000 ಬಂದೂಕುಗಳನ್ನು ಸರಕಾರವೇ ಹಣ ಕೊಟ್ಟು ಕೊಂಡು ನಾಶಮಾಡಿತು, ಆ ಹಣಕ್ಕಾಗಿ ಜನ ಒಂದು ವರ್ಷ ಸ್ವಲ್ಪ ಹೆಚ್ಚು ತೆರಿಗೆ ಕೊಟ್ಟರು. ಕತ್ತಿಗಳನ್ನು ಕುಳಗಳನ್ನಾಗಿ ಬಡಿಯುವ ದಿನದ ಬಗ್ಗೆ ಪ್ರವಾದಿ ಯೆಶಾಯನು ಹೇಳಿದ್ದನ್ನು ಆಗಮನ ಕಾಲದಲ್ಲಿ ಕೇಳುತ್ತೇವೆ. ಅದು ಕವಿಕಲ್ಪನೆ ಎಂದುಕೊಂಡವರಿಗೆ ಅಲ್ಲಿ ರಾಶಿ ಬಿದ್ದ ಕಬ್ಬಿಣವೇ ಉತ್ತರ.

ಆದರೂ 2025ರ ಡಿಸೆಂಬರ್ 14ರ ಸಂಜೆ ಸಿಡ್ನಿಯ ಬೊಂಡಾಯ್ ಕಡಲತೀರದಲ್ಲಿ, ಯೆಹೂದ್ಯ ಬಂಧುಗಳು ಹನುಕ್ಕಾ ಹಬ್ಬದ ದೀಪ ಹಚ್ಚಲು ಸೇರಿದ್ದಾಗ, ತಂದೆ-ಮಗ ಇಬ್ಬರು ಗುಂಡು ಹಾರಿಸಿ 15 ಜನರನ್ನು ಕೊಂದರು. ಅವರಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಆ ತಂದೆಯ ಹೆಸರಿನಲ್ಲಿ ಆರು ಬಂದೂಕುಗಳು ಪರವಾನಗಿಯೊಂದಿಗೇ ಇದ್ದವು. ನೋಡಿದಿರಾ, ಕಾಯಿದೆ ಇದ್ದೂ ಏನಾಯಿತು ಎಂದವರುಂಟು. ನಮ್ಮ ತೋಟದ ಬೇಲಿಯನ್ನು ಒಮ್ಮೆ ಕಟ್ಟಿ ಮೂವತ್ತು ವರ್ಷ ಮರೆತರೆ ಹಂದಿ ನುಗ್ಗುವುದಿಲ್ಲವೇ? ನುಗ್ಗಿತೆಂದು ಬೇಲಿಯನ್ನೇ ಕಿತ್ತು ಹಾಕುವ ರೈತ ಎಲ್ಲಿದ್ದಾನೆ? ಆಸ್ಟ್ರೇಲಿಯಾದ ಸರಕಾರವೂ ದಿನಗಳೊಳಗೆ ಮತ್ತೆ ಬಂದೂಕು ಹಿಂಪಡೆಯುವ ಯೋಜನೆ ಪ್ರಕಟಿಸಿತು. ಅಂದು ಬರಿಗೈಯಲ್ಲಿ ನುಗ್ಗಿ ಒಬ್ಬನ ಕೈಯಿಂದ ಬಂದೂಕು ಕಿತ್ತುಕೊಂಡು ಗುಂಡೇಟು ತಿಂದವನು ಸಿರಿಯಾದಿಂದ ಬಂದ ಒಬ್ಬ ಮುಸ್ಲಿಂ ಹಣ್ಣಿನ ವ್ಯಾಪಾರಿ. ಸಮಾರಿಯದವನ ಸಾಮತಿಯನ್ನು ವಿವರಿಸಲು ನಮಗೆ ಇನ್ನು ಬೇರೆ ಉದಾಹರಣೆ ಬೇಕಿಲ್ಲ.

ನಮ್ಮ ಸೀಮೆಗೂ ಕೋವಿ ಹೊಸದಲ್ಲ. ಹಂದಿ, ಮಂಗಗಳ ಕಾಟಕ್ಕೆ ಕೋವಿ ಇಟ್ಟುಕೊಂಡ ಮನೆಗಳು ಈ ಸಭೆಯಲ್ಲೇ ಇವೆ. ಪಕ್ಕದ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಉಳಿದವರಿಗೆ 1959ರ ಆಯುಧ ಕಾಯಿದೆಯಂತೆ ಪೊಲೀಸ್ ವಿಚಾರಣೆ, ಪರವಾನಗಿ, ನವೀಕರಣ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಹೆಗಲಿಗೇರಿಸಿ ಠಾಣೆಗೆ ಹೋಗಿ ಒಪ್ಪಿಸಬೇಕು. ಇದಕ್ಕೆ ಎಷ್ಟು ಗೊಣಗುತ್ತೇವೆ! ಬೆಳೆ ಕಾಯುವ ಹೊತ್ತಿಗೇ ಇವರ ಚುನಾವಣೆ ಎಂದು ಬೈಯುತ್ತೇವೆ. ಆ ಗೊಣಗಾಟದ ಬೆಲೆಗೆ ನಮ್ಮ ಶಾಲೆಯ ಮಕ್ಕಳು ಕತ್ತಲೆ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳುವ ಪಾಠವಿಲ್ಲದೆ ಬೆಳೆಯುತ್ತಿದ್ದಾರೆ. ಅಗ್ಗದ ವ್ಯಾಪಾರವೇ ಸರಿ.

ಪ್ರಿಯರೇ, ಕಾಯಿದೆ ತಲುಪದ ಜಾಗವೊಂದಿದೆ, ಅದು ಮನೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಪತ್ರಿಕೆಯ ಮುಖಪುಟಕ್ಕೆ ಬಾರದ ಸಾವುಗಳು. ಹತಾಶೆಯ ಗಳಿಗೆ ಎಷ್ಟೋ ಸಲ ಬಂದು ಹೋಗುವಂಥದ್ದು. ಕೋವಿ ಕೈಗೆಟುಕಿದರೆ ಮಾತ್ರ ಮನಸ್ಸು ಬದಲಿಸಲು ಸಮಯವಿರುವುದಿಲ್ಲ. ಶಾಲೆಗಳಲ್ಲಿ ನಡೆದ 41 ದಾಳಿಗಳನ್ನು ಅಮೆರಿಕದ ಸೀಕ್ರೆಟ್ ಸರ್ವಿಸ್ ಇಲಾಖೆ ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದ ಹೆಚ್ಚಿನ ಹುಡುಗರಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ಬಂಧುಗಳ ಮನೆಯಲ್ಲೇ. ದಾಳಿ ಮಾಡಿದ ಪ್ರತಿಯೊಬ್ಬರ ನಡತೆಯಲ್ಲೂ ಮೊದಲೇ ಆತಂಕದ ಸೂಚನೆಗಳಿದ್ದವು.

ಮಿಷಿಗನ್ ರಾಜ್ಯದ ಒಂದು ಪ್ರೌಢಶಾಲೆಯ ಘಟನೆ ಇದನ್ನೇ ಹೇಳುತ್ತದೆ. ಹದಿನೈದರ ಹುಡುಗನಿಗೆ ಹೆತ್ತವರು ಕೈಬಂದೂಕು ಕೊಡಿಸಿದರು. ನಾಲ್ಕನೆಯ ದಿನ, 2021ರ ನವೆಂಬರ್ 30ರ ಬೆಳಗ್ಗೆ, ಅವನು ಪಾಠದ ಹಾಳೆಯ ಮೇಲೆ ಬಂದೂಕಿನ ಚಿತ್ರ ಬರೆದು, ಸಹಾಯ ಬೇಡುವ ಮಾತುಗಳನ್ನು ಗೀಚಿದ್ದನ್ನು ಶಿಕ್ಷಕರು ಕಂಡರು. ಹೆತ್ತವರನ್ನು ಕರೆಸಿದರು. ಅವರು ಬಂದರು, ಕೇಳಿದರು, ಮಗನನ್ನು ಮನೆಗೆ ಕರೆದುಕೊಂಡು ಹೋಗದೆ ಕೆಲಸಕ್ಕೆ ಹಿಂತಿರುಗಿದರು. ಅವನ ಚೀಲವನ್ನು ಯಾರೂ ತೆರೆದು ನೋಡಲಿಲ್ಲ. ಅಂದೇ ಅವನು ನಾಲ್ವರು ಸಹಪಾಠಿಗಳನ್ನು ಕೊಂದನು. 2024ರಲ್ಲಿ ನ್ಯಾಯಾಲಯವು ತಂದೆ ತಾಯಿ ಇಬ್ಬರನ್ನೂ ನರಹತ್ಯೆಯ ಅಪರಾಧಿಗಳೆಂದು ಸಾರಿ ಹತ್ತರಿಂದ ಹದಿನೈದು ವರ್ಷಗಳ ಸೆರೆವಾಸ ವಿಧಿಸಿತು. ಆ ಹಾಳೆಯ ಗೀಚು ಒಂದು ಕೂಗಾಗಿತ್ತು. ನಮ್ಮ ಮನೆಯ ಹದಿನೈದರ ಹುಡುಗ ಊಟಕ್ಕೆ ಬಾರದೆ ಕೋಣೆಯ ಬಾಗಿಲು ಹಾಕಿಕೊಂಡಾಗ "ವಯಸ್ಸಿನ ಹುಚ್ಚು, ಬಿಡು" ಎಂದು ನಾವೂ ಸುಮ್ಮನಾಗುತ್ತೇವೆ. ಜೋಸೆಫರು ಕನಸಿನ ಎಚ್ಚರಿಕೆಯನ್ನೇ ಕೇಳಿಸಿಕೊಂಡರು, ನಮಗೆ ಕಣ್ಣೆದುರಿನದೂ ಕಾಣಿಸುವುದಿಲ್ಲ.

ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮಿನ್ನಿಯಾಪೊಲಿಸಿನ ಆ ಇಬ್ಬರು ಮಕ್ಕಳಿಗಾಗಿ, ನ್ಯೂಟೌನ್, ಯುವಾಲ್ಡೆ, ಡನ್‌ಬ್ಲೇನಿನ ಮಕ್ಕಳಿಗಾಗಿ, ಅವರ ಹೆತ್ತವರಿಗಾಗಿ ಪ್ರಾರ್ಥಿಸೋಣ. ಕಾಯಿದೆ ಮಾಡುವವರಿಗೆ ಧೈರ್ಯ ಬರಲೆಂದೂ ಬೇಡೋಣ. ಪೂಜೆಯ ಕೊನೆಯಲ್ಲಿ ಮಕ್ಕಳೆಲ್ಲರೂ ಪೀಠದ ಮುಂದೆ ಬನ್ನಿ, ಕೈಗೂಸುಗಳನ್ನು ತಾಯಂದಿರು ಎತ್ತಿಕೊಂಡು ಬರಲಿ, ಹಬ್ಬದ ಆಶೀರ್ವಾದವಿದೆ. ಕೋವಿ ಇರುವ ಮನೆಯವರು ಊಟಕ್ಕೆ ಕೂರುವ ಮೊದಲು ಬೀರುವಿನ ಕೀಲಿ ಯಾವ ಮೊಳೆಗೆ ತೂಗುತ್ತಿದೆ ಎಂದು ನೋಡಿ. ಆ ಮೊಳೆ ಮಕ್ಕಳಿಗೆ ಗೊತ್ತಿರುವುದಾದರೆ ಕೀಲಿಯನ್ನು ಇವತ್ತೇ ಬೇರೆ ಕಡೆ ಇಡಿ. ತೋಟಾಗಳ ಡಬ್ಬಿಯನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಅದಕ್ಕೊಂದು ಪ್ರತ್ಯೇಕ ಬೀಗ ಹಾಕಿ.